ಬುಟ್ಟಿ ಇಲ್ಲದ ಸೈಕಲ್ಲು

"ನಿಮಗೆ ಇದು ಸಾಕು ಮೇಡಂ," ಎಂದು ಅಂಗಡಿಯ ಮಾಲೀಕ ಬಿಳಿ ಬಣ್ಣದ ಎಲೆಕ್ಟ್ರಿಕ್ ಸೈಕಲ್ಲಿನ ಬುಟ್ಟಿಯನ್ನು ತಟ್ಟಿದ. "ತರಕಾರಿ ತರೋಕೆ, ಅಲ್ಲೇ ಹತ್ತಿರ ಹೋಗಿ ಬರೋಕೆ. ಬುಟ್ಟಿ ಫ್ರೀ."

ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಒಳಗೆ ಬಂದು ಐದು ನಿಮಿಷವಾಗಿತ್ತು ಅಷ್ಟೆ. ಅಷ್ಟರಲ್ಲಿ ಈ ಮನುಷ್ಯ "ಯಾರಿಗೆ ಮೇಡಂ, ಮಗಳಿಗಾ?" ಎಂದು ಒಮ್ಮೆ ಕೇಳಿದ್ದ, "ಯಜಮಾನರನ್ನು ಕರ್ಕೊಂಡು ಬಂದಿದ್ರೆ ಚೆನ್ನಾಗಿತ್ತು" ಎಂದು ಎರಡು ಸಲ ಹೇಳಿದ್ದ. ಅವಳಿಗೆ ಮಗಳೂ ಇರಲಿಲ್ಲ, ಯಜಮಾನರೂ ಇರಲಿಲ್ಲ. ಇದ್ದದ್ದು ನಲವತ್ತಾರು ವರ್ಷ ವಯಸ್ಸು, ಒಂದು ಹೊಲಿಗೆ ಅಂಗಡಿ, ಮತ್ತು ಮೂವತ್ತು ವರ್ಷ ಮೆಷೀನು ತುಳಿದು ಸವೆದ ಬಲಮಂಡಿ. ಹಗುರಾಗಿ ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದ ದಿನದಿಂದ ಅವಳ ತಲೆಯಲ್ಲಿ ಒಂದೇ ಜಾಗ ಕೂತಿತ್ತು: ಊರಾಚೆಯ ಗುಡ್ಡದ ಮೇಲಿನ ಕೆರೆ. ಅದನ್ನು ನೋಡಿ ಆರು ವರ್ಷವಾಗಿತ್ತು.

"ನಾನು ತರಕಾರಿಗೆ ಹೋಗಲ್ಲ. ಗುಡ್ಡ ಹತ್ತಬೇಕು," ಎಂದಳು.

ಮಾಲೀಕ ನಕ್ಕ. ನಗಬಾರದಿತ್ತು.

"ಹಾಗಾದ್ರೆ ಅದನ್ನು ಕೊಡಿ," ಎಂದು ಗಾಜಿನ ಹಿಂದೆ ನಿಂತಿದ್ದ ಕಪ್ಪು ಸೈಕಲ್ಲನ್ನು ತೋರಿಸಿದಳು. ದಪ್ಪ ಚಕ್ರ, ಸೀಟಿನ ಮುಂದೆ ಎತ್ತರದ ಅಡ್ಡಪಟ್ಟಿ, ಇಡೀ ಅಂಗಡಿಯಲ್ಲಿ ದುಬಾರಿಯಾದದ್ದು ಅದೇ. ಮಾಲೀಕನ ನಗು ಆ ಕ್ಷಣವೇ ವಿನಯವಾಯಿತು. ಬಿಲ್ ಪುಸ್ತಕಕ್ಕೆ ಕೈ ಹಾಕಿದ.

ಆಗ ಹಿಂದಿನ ಕೋಣೆಯಿಂದ ಮೆಕ್ಯಾನಿಕ್ ಬಂದ. ಐವತ್ತರ ಆಸುಪಾಸು, ಮೊಣಕೈವರೆಗೂ ಗ್ರೀಸು. ಅವಳ ಕಾಲನ್ನೊಮ್ಮೆ ನೋಡಿದ, ಸೈಕಲ್ಲನ್ನೊಮ್ಮೆ ನೋಡಿದ.

"ಇದು ನಿಮಗೆ ಬೇಡ," ಎಂದ.

"ನನಗೇನು ಬೇಕು, ಏನು ಬೇಡ ಅಂತ ಹೇಳೋಕೆ ಈ ಅಂಗಡಿಯಲ್ಲಿ ಇನ್ನೂ ಎಷ್ಟು ಜನ ಇದ್ದೀರ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಟೈಲರಮ್ಮ ಹೊರಟೇಬಿಟ್ಟಳು. ಮನೆ ತಲುಪಿದರೂ ಸಿಟ್ಟು ತಣ್ಣಗಾಗಲಿಲ್ಲ. ಮನೆಯಲ್ಲಿ ಜೊತೆಗೇ ವಾಸವಿದ್ದ ಅಕ್ಕ ಸಮಾಧಾನ ಮಾಡುವ ಬದಲು, "ಈ ವಯಸ್ಸಲ್ಲಿ ಸೈಕಲ್ ಯಾಕೆ ಪುಟ್ಟಿ, ನೋಡಿದವರು ಏನಂದ್ಕೋತಾರೆ?" ಎಂದು ಅದಕ್ಕೆ ಇನ್ನಷ್ಟು ತುಪ್ಪ ಸುರಿದಳು.

ಮರುದಿನ ಮಧ್ಯಾಹ್ನ ಮೆಕ್ಯಾನಿಕ್ ಅವರಿವರನ್ನು ವಿಚಾರಿಸಿಕೊಂಡು ಬಂದು ಅವಳ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಕೈ ತಿಕ್ಕಿ ತೊಳೆದಿದ್ದ. ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಿರಲಿಲ್ಲ.

"ನಿನ್ನೆ ನೀವು ಪೂರ್ತಿ ಕೇಳಲಿಲ್ಲ," ಎಂದ.

"ನೀವು ಪೂರ್ತಿ ಹೇಳಲಿಲ್ಲ."

"ಹೇಳ್ತೀನಿ. ಆ ಅಡ್ಡಪಟ್ಟಿ ನಿಮಗೆ ತುಂಬಾ ಎತ್ತರ. ಏರು ಹತ್ತೋವಾಗ ನಿಲ್ಲಿಸಬೇಕಾದ್ರೆ ಕಾಲು ನೆಲಕ್ಕೆ ಎಟುಕಲ್ಲ. ಇಪ್ಪತ್ತೆಂಟು ಕೆಜಿ ಭಾರ ವಾಲಿದ್ರೆ ಬೀಳೋದು ನಿಮ್ಮ ಬಲಮಂಡಿ ಮೇಲೆ."

"ನನ್ನ ಮಂಡಿ ವಿಷಯ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಮ್ಮ ಅಂಗಡಿಗೆ ಮೂರು ಮೆಟ್ಟಿಲು. ನೀವು ಹತ್ತಿ ಬರೋದನ್ನ ಒಳಗಿಂದ ನೋಡಿದೆ, ಮೂರಕ್ಕೂ ಎಡಗಾಲೇ ಮೊದಲು ಇಟ್ರಿ."

ಇಷ್ಟು ವರ್ಷ ಅವಳು ಯಾರಿಗೂ ಕಾಣದ ಹಾಗೆ ಬಚ್ಚಿಟ್ಟುಕೊಂಡಿದ್ದ ನೋವನ್ನು, ಗುರುತು ಪರಿಚಯವಿಲ್ಲದ ಒಬ್ಬ ಮನುಷ್ಯ ಮೂರು ಮೆಟ್ಟಿಲಲ್ಲಿ ಕಂಡುಹಿಡಿದಿದ್ದ. ಅದಕ್ಕೂ ಸಿಟ್ಟು ಬಂತು. ಆದರೆ ಈ ಸಿಟ್ಟು ಬೇರೆ ಥರ ಇತ್ತು, ಕೆನ್ನೆಗೆ ಬಂತು.

"ಹಾಗಾದ್ರೆ ಬುಟ್ಟಿಯದ್ದೇ ಗತಿ ಅನ್ನಿ."

"ಅದೂ ಬೇಡ. ಅದರ ಮೋಟಾರ್ ಹಿಂದಿನ ಚಕ್ರದಲ್ಲಿದೆ, ಪುಟ್ಟದು. ಗುಡ್ಡದ ಏರಿಗೆ ಅರ್ಧದಲ್ಲೇ ಬಿಸಿಯಾಗಿ ಕೈಕೊಡುತ್ತೆ. ಇನ್ನೊಂದಿದೆ, ಒಳಗಿಟ್ಟಿದ್ದಾರೆ. ಅಡ್ಡಪಟ್ಟಿ ಇಲ್ಲ, ಹತ್ತೋಕೆ ಕಾಲು ಎತ್ತಬೇಕಾಗಿಲ್ಲ. ಮೋಟಾರ್ ಪೆಡಲ್ ಹತ್ತಿರಾನೇ ಇದೆ. ನೀವು ಎಷ್ಟು ಒತ್ತುತ್ತೀರೋ ಅದಕ್ಕೆ ತಕ್ಕ ಹಾಗೆ ತಳ್ಳುತ್ತೆ. ಬ್ಯಾಟರಿ ಬಿಚ್ಚಿ ಮನೆಯೊಳಗೇ ಚಾರ್ಜ್ ಮಾಡಬಹುದು."

"ಅಂಥದ್ದನ್ನು ಒಳಗ್ಯಾಕೆ ಇಟ್ಟಿದ್ದಾರೆ?"

"ಹೆಂಗಸರಿಗೆ ಅಷ್ಟೆಲ್ಲ ಬೇಕಾಗಲ್ಲ ಅಂತ ಮಾಲೀಕರು."

ಟೈಲರಮ್ಮ ಕತ್ತರಿ ಕೆಳಗಿಟ್ಟಳು. "ನಡೀರಿ," ಎಂದಳು.

ಅದು ಬೂದು ಬಣ್ಣದ, ನೋಡೋಕೆ ಸಾಧಾರಣವಾದ ಸೈಕಲ್ಲು. ಮೆಕ್ಯಾನಿಕ್ ಮೂರು ಸಲ ಸೀಟನ್ನು ಏರಿಸಿ ಇಳಿಸಿದ. ಪೆಡಲ್ ಕೆಳಗೆ ಹೋದಾಗ ಮಂಡಿ ಪೂರ್ತಿ ಚಾಚಬಾರದು, ಚೂರು ಮಡಚಿರಬೇಕು ಎಂದ. ಕೈ ನೋಯದಂತೆ ಹ್ಯಾಂಡಲ್ಲನ್ನು ಹತ್ತಿರಕ್ಕೆ ತಂದ. ಅಂಗಡಿ ಹಿಂದಿನ ಏರಿನಲ್ಲಿ ಅವಳು ಹೆದರುತ್ತ ಒಂದು ತುಳಿತ ತುಳಿದಳು. ಯಾರೋ ಬೆನ್ನಿಗೆ ಅಂಗೈ ಕೊಟ್ಟ ಹಾಗೆ ಸೈಕಲ್ಲು ಮುಂದೆ ಸರಿಯಿತು. ಮಂಡಿ ಮಾತಾಡಲಿಲ್ಲ. ಏರಿನ ತುದಿಯಲ್ಲಿ ನಿಂತು ಹಿಂತಿರುಗಿ ನೋಡಿದಾಗ ಮೆಕ್ಯಾನಿಕ್ ಕೆಳಗೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಅವಳಿಗಿಂತ ಹೆಚ್ಚು ಖುಷಿಯಲ್ಲಿ ನಿಂತಿದ್ದ. ಅವಳು ನೋಡಿದ್ದು ಕಂಡೊಡನೆ ಬಗ್ಗಿ ಸುಮ್ಮನೆ ಸ್ಪ್ಯಾನರ್ ಹುಡುಕತೊಡಗಿದ.

ಬಟ್ಟೆಯ ವಿಷಯಕ್ಕೆ ಬಂದಾಗ ಮತ್ತೆ ಜಗಳವಾಯಿತು. "ಲೇಡೀಸ್ ಕಲೆಕ್ಷನ್" ಎಂದು ಮಾಲೀಕ ತೋರಿಸಿದ್ದು ಒಂದೇ ಹ್ಯಾಂಗರ್: ಗುಲಾಬಿ ಬಣ್ಣದ ಪ್ಯಾಂಟು, ಗುಲಾಬಿ ಬಣ್ಣದ ಜಾಕೆಟ್ಟು. ಟೈಲರಮ್ಮ ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಕೌಂಟರ್ ಮೇಲೆ ಹರಡಿದಳು.

"ನೋಡಿ ಇಲ್ಲಿ. ನಾಲ್ಕು ಹೊಲಿಗೆ ಬಂದು ಒಂದೇ ಕಡೆ ಕೂಡುತ್ತೆ, ಅದೂ ಸರಿಯಾಗಿ ಕೂತ್ಕೊಳ್ಳೋ ಜಾಗದಲ್ಲಿ. ಒಳಗಿನ ಸ್ಪಂಜು ಗಂಡಸರ ಅಳತೆಯದ್ದು. ಸೊಂಟದ ಎಲಾಸ್ಟಿಕ್ ಬಗ್ಗಿದ್ರೆ ಹೊಟ್ಟೆ ಕೊಯ್ಯುತ್ತೆ. ಜೇಬು ಇಲ್ಲವೇ ಇಲ್ಲ. ಇದನ್ನು ಹೊಲಿದವರು ಒಂದು ದಿನಾನೂ ಸೈಕಲ್ ಹತ್ತಿಲ್ಲ. ಗಂಡಸರದ್ದಕ್ಕೆ ಬಣ್ಣ ಬಳಿದು ಹೆಂಗಸರದ್ದು ಅಂತ ಮಾರೋಕೆ ನಿಮಗೆ ನಾಚಿಕೆ ಆಗಲ್ವ?"

ಪಕ್ಕದಲ್ಲಿ ಹೆಲ್ಮೆಟ್ ನೋಡುತ್ತಿದ್ದ ಇಬ್ಬರು ಹೆಂಗಸರು ಹತ್ತಿರ ಬಂದು ಹೊಲಿಗೆ ಮುಟ್ಟಿ ನೋಡಿದರು. ಮಾಲೀಕ ಮೆಕ್ಯಾನಿಕ್ಕನ ಕಡೆ ಕೆಟ್ಟ ನೋಟ ಬೀರಿದ. ಟೈಲರಮ್ಮ ಸೈಕಲ್ಲೂ ಹೆಲ್ಮೆಟ್ಟೂ ಮಾತ್ರ ತೆಗೆದುಕೊಂಡು ಹೊರಟಳು.

ಬಟ್ಟೆ ತಾನೇ ಹೊಲಿದುಕೊಂಡಳು. ಬೆವರು ಹೀರುವ ತೆಳು ಬಟ್ಟೆ, ಕೂರುವ ಕಡೆ ಹೊಲಿಗೆಯೇ ಬಾರದಂತೆ ಅಗಲವಾದ ಒಂದೇ ತುಂಡು, ಚೈನಿಗೆ ಸಿಕ್ಕದ ಹಾಗೆ ಕಣಕಾಲಲ್ಲಿ ಬಿಗಿ. ಬಗ್ಗಿದಾಗ ಬೆನ್ನು ಕಾಣದಿರಲೆಂದು ಜಾಕೆಟ್ಟಿನ ಹಿಂಭಾಗ ನಾಲ್ಕು ಬೆರಳು ಉದ್ದ. ಎರಡು ಜೇಬು. ಬಣ್ಣ ಸಾಸಿವೆ ಹೂವಿನ ಹಳದಿ, ದೂರದ ಲಾರಿಯವನಿಗೂ ಕಾಣಬೇಕು.

ಮೊದಲ ಭಾನುವಾರ ಬ್ರೇಕ್ ಸರಿಯಿದೆಯೇ ನೋಡಲು ಎಂದು ಮೆಕ್ಯಾನಿಕ್ ತನ್ನ ಹಳೇ ಸೈಕಲ್ಲಿನಲ್ಲಿ ಜೊತೆಗೆ ಬಂದ. ಎರಡನೇ ಭಾನುವಾರ ಚೈನ್ ನೋಡಲು ಬಂದ. ಅವನ ಜಾಕೆಟ್ಟಿನ ತೋಳು ಮಣಿಕಟ್ಟಿನಿಂದ ಮೂರು ಬೆರಳು ಮೇಲಿತ್ತು.

"ನಿಂತ್ಕೊಂಡು ಅಳತೆ ಕೊಟ್ರೆ ಹೀಗೇ ಆಗೋದು," ಎಂದಳು. ಅಂಗಡಿಗೆ ಕರೆದು, ಮೇಜಿನ ಮೇಲೆ ಕೈ ಊರಿಸಿ, ಸವಾರಿ ಮಾಡುವ ಹಾಗೆ ಬಗ್ಗಿಸಿ ಅಳೆದಳು. ಕುತ್ತಿಗೆಯಿಂದ ಭುಜಕ್ಕೆ, ಭುಜದಿಂದ ಮಣಿಕಟ್ಟಿಗೆ. ಟೇಪಿನ ತಣ್ಣನೆ ತುದಿ ಕುತ್ತಿಗೆಗೆ ತಾಗಿದಾಗ ಅವನು ಉಸಿರು ಹಿಡಿದ.

"ಉಸಿರಾಡಿ. ಇಲ್ಲಾಂದ್ರೆ ಎದೆ ಅಳತೆ ತಪ್ಪುತ್ತೆ."

"ಆಡಿದ್ರೂ ತಪ್ಪುತ್ತೆ," ಎಂದ ಅವನು, ಮೇಜಿನ ಕಡೆ ನೋಡುತ್ತ.

ಅವಳು ತೋಳಿನ ಅಳತೆ ಬರೆಯಲು ಮರೆತಳು. ಇನ್ನೊಮ್ಮೆ ತೆಗೆದುಕೊಳ್ಳಬೇಕಾಯಿತು.

ಹೀಗೆ ಏಳು ಭಾನುವಾರ ಕಳೆದವು. ಅವನ ಹೆಂಡತಿ ತೀರಿಕೊಂಡು ಒಂಬತ್ತು ವರ್ಷ ಎಂಬುದು ಮೂರನೇ ವಾರ ತಿಳಿಯಿತು. ಬಂದ ಸಂಬಂಧಗಳನ್ನೆಲ್ಲ ಅಕ್ಕನಿಗಾಗಿ, ಅಂಗಡಿಗಾಗಿ ತಾನು ಮುಂದೂಡುತ್ತ ಹೋದದ್ದನ್ನು ಐದನೇ ವಾರ ಅವಳು ಹೇಳಿದಳು. ಅದಾದ ಮೇಲೂ ಅವನು ಗೇರು, ಟೈರು, ಗಾಳಿ ಎನ್ನುತ್ತಲೇ ಇದ್ದ.

ಎಂಟನೆಯ ಶನಿವಾರ ಅವಳು ಬ್ರೇಕಿನ ರಬ್ಬರು ಕೊಳ್ಳಲು ಸೈಕಲ್ ಅಂಗಡಿಗೆ ಹೋದಳು. ಹಿಂದಿನ ಕೋಣೆಯಲ್ಲಿ ಬೇರೆ ಯಾರೋ ಇದ್ದರು.

"ಅವನಾ? ಗೋಡೌನಿಗೆ ಹಾಕಿದೀನಿ, ಎರಡು ತಿಂಗಳಾಯ್ತು," ಎಂದ ಮಾಲೀಕ. "ಬಂದ ಗಿರಾಕಿಗೆ ದುಬಾರಿ ಮಾಲು ಬೇಡ ಅಂತಾನೆ. ಅಲ್ಲಿ ಪೆಟ್ಟಿಗೆ ಎಣಿಸ್ಲಿ."

ಎರಡು ತಿಂಗಳು. ಅಂದರೆ ಅವಳು ಸೈಕಲ್ ಕೊಂಡ ವಾರದಿಂದ. ಅಂಗಡಿಯಲ್ಲಿ ಆಗ ಹತ್ತು ಜನರಿದ್ದರು. ಹತ್ತು ಜನಕ್ಕೂ ಕೇಳುವ ಹಾಗೆ ಟೈಲರಮ್ಮ ಆ ಕಪ್ಪು ಸೈಕಲ್ಲಿನ ಕಥೆ ಹೇಳಿದಳು, ತನ್ನ ಮಂಡಿಯ ಕಥೆಯನ್ನೂ ಸೇರಿಸಿ. ಹಾಗೆ ಎಲ್ಲರೆದುರು ಮಂಡಿಯ ಮಾತೆತ್ತಿದ್ದು ಅವಳ ಜೀವನದಲ್ಲಿ ಅದೇ ಮೊದಲು.

ಮರುದಿನ ಬೆಳಿಗ್ಗೆ ಗುಡ್ಡದ ದಾರಿಯಲ್ಲಿ ಅವಳು ಅವನಿಗಿಂತ ಮುಂದೆ ಹೋಗಿ, ಒಮ್ಮೆಯೂ ಕಾಲೂರದೆ, ಕೆರೆಯ ದಂಡೆ ತಲುಪಿ ನಿಂತಳು. ಅವನು ಏದುಸಿರು ಬಿಡುತ್ತ ಬಂದಾಗ ಹೆಲ್ಮೆಟ್ ತೆಗೆದಳು.

"ನನ್ನಿಂದ ನಿಮ್ಮ ಮೆಕ್ಯಾನಿಕ್ ಕೆಲಸ ಹೋಯ್ತು. ಪ್ರತಿ ಭಾನುವಾರ ಬಂದು ನನ್ನ ಚೈನಿಗೆ ಎಣ್ಣೆ ಹಾಕ್ತಿದ್ರಿ. ಒಂದು ಮಾತು ಹೇಳೋಕಾಗಲಿಲ್ವ?"

"ಹೇಳಿದ್ರೆ ನೀವು ಜಗಳಕ್ಕೆ ಹೋಗ್ತಿದ್ರಿ."

"ಹೋದೆ. ನಿನ್ನೆ."

"ಗೊತ್ತು. ಮಾಲೀಕರ ಫೋನ್ ಬಂದಿತ್ತು. ನಾಳೆಯಿಂದ ವಾಪಸ್ ಬಾ ಅಂದ್ರು. ನಾನು ಬರಲ್ಲ ಅಂದೆ." ಅವನ ಧ್ವನಿಯಲ್ಲೂ ಮೊದಲ ಬಾರಿಗೆ ಬಿಸಿ ಇತ್ತು. "ಮೈಗೆ ಒಗ್ಗದ್ದನ್ನ ಮಾರಿ ಮಾರಿ ನನಗೂ ಸಾಕಾಗಿದೆ. ಸ್ವಂತ ರಿಪೇರಿ ಅಂಗಡಿ ಇಡ್ತೀನಿ. ಜಾಗ ನೋಡಿದೀನಿ. ನಿಮ್ಮ ಅಂಗಡಿ ಪಕ್ಕ, ಖಾಲಿ ಇದೆಯಲ್ಲ, ಅದು."

"ಅದಾ? ಅದರ ಶಟರ್ ಏಳಲ್ಲ. ಒಳಗೆ ಗಾಳಿಯಿಲ್ಲ, ಬೆಳಕಿಲ್ಲ. ಊರಲ್ಲಿ ಬೇರೆ ಜಾಗ ಇರಲಿಲ್ವ?"

"ತುಂಬಾ ಇದ್ವು. ಒಂದು ತಿಂಗಳಿಂದ ನಾನು ಅದನ್ನೇ ನೋಡ್ತಾ ಇದೀನಿ. ಯಾಕೆ ಅಂತ ನೀವು ಒಂದು ಸಲಾನೂ ಕೇಳಲಿಲ್ಲ."

"ನೀವು ಹೇಳಲಿಲ್ಲ. ಟೈರಿನ ಗಾಳಿ ಬಗ್ಗೆ ಹೇಳ್ತಿದ್ರಿ. ಏಳು ವಾರ ಗಾಳಿ ಬಗ್ಗೆ ಕೇಳಿದೀನಿ ನಾನು." ಅವಳು ಹೆಲ್ಮೆಟ್ಟನ್ನು ಕಲ್ಲಿನ ಮೇಲೆ ಕುಕ್ಕಿದಳು. "ಮಂಡಿ ನೋವು ಮೂರು ಮೆಟ್ಟಿಲಲ್ಲಿ ಕಂಡಿತು ನಿಮಗೆ. ಇದು ಕಾಣಲಿಲ್ವ?"

ಅವನು ಅವಳನ್ನು ನೋಡಿದ; ಈ ಸಲ ನೋಟ ತಪ್ಪಿಸಲಿಲ್ಲ.

"ಕಂಡಿತ್ತು. ನಂಬೋಕೆ ಧೈರ್ಯ ಇರಲಿಲ್ಲ," ಎಂದ. "ನೀವಂದ್ರೆ ನನಗೆ ಇಷ್ಟ. ತುಂಬಾ. ನೀವು ಒಪ್ಪಿದ್ರೆ ಇವತ್ತೇ ನಿಮ್ಮ ಅಕ್ಕನ್ನ ಕೇಳ್ತೀನಿ."

"ಅವಳು ಬೈತಾಳೆ."

"ಬೈಸ್ಕೋತೀನಿ. ಹೋಗೋಣ್ವ?"

ಟೈಲರಮ್ಮ ದಂಡೆಯ ಕಲ್ಲಿನ ಮೇಲೆ ಕೂತು ಬಲಗಾಲು ಚಾಚಿದಳು. ಪಕ್ಕದ ಜಾಗವನ್ನು ಅಂಗೈಯಲ್ಲಿ ಒರೆಸಿದಳು.

"ನನ್ನ ಸಿಟ್ಟು ಇನ್ನೂ ಇಳಿದಿಲ್ಲ," ಎಂದಳು. "ಇಳಿಯೋವರೆಗೂ ಇಲ್ಲೇ ಕೂತ್ಕೊಳ್ಳಿ."

ಅವನು ಕೂತ. ಅವಳು ಅವನ ಕೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಬಿಸಿಲು ನೆತ್ತಿಗೆ ಬರುವವರೆಗೂ ಅವಳ ಸಿಟ್ಟು ಇಳಿಯಲಿಲ್ಲ.