ಟ್ರೋಲ್‌ಹೆಟ್ಟನ್ನಿನಲ್ಲಿ ಉಳಿದವಳು

"ಲಗೂನ ಮ್ಯಾಲ ಬರ್ರಿ... ನೀರು ಬಿಡಾಕತ್ತಾರ!"

ನದಿಯ ಒಣ ಬಂಡೆಗಳ ಮೇಲೆ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ ಕೋಕಿಲಾ ಬೆಚ್ಚಿ ತಲೆಯೆತ್ತಿದಳು.

ಸ್ವೀಡನ್ನಿನ ಈ ಪುಟ್ಟ ಊರಿನಲ್ಲಿ ಕನ್ನಡ?

ದಡದಿಂದ ಒಬ್ಬ ಯುವಕ ಕೈ ಚಾಚಿದ್ದ. ಅದನ್ನು ಹಿಡಿದು ಹತ್ತಿ ಬಂದಳು. ಸ್ವಲ್ಪ ಹೊತ್ತಿಗೆಲ್ಲ ಅಣೆಕಟ್ಟಿನ ಬಾಗಿಲು ತೆರೆಯಿತು. ಅವಳು ನಿಂತಿದ್ದ ಬಂಡೆಗಳನ್ನು ಹಾಲಿನಂಥ ನೀರು ಮುಚ್ಚಿಕೊಂಡು ಹರಿಯಿತು. ಇಬ್ಬರ ಮುಖದ ಮೇಲೂ ತುಂತುರು...

ಕೈ ಬಿಡಿಸಿಕೊಳ್ಳುವುದನ್ನೇ ಅವಳು ಮರೆತಿದ್ದಳು.

"ಬೋರ್ಡ್ ಓದಲಿಲ್ಲೇನ್ರಿ?"

"ಸ್ವೀಡಿಷ್ ಬರಲ್ಲ. ಮೊನ್ನೆಯಷ್ಟೇ ಬಂದೆ."

ಅದು 2006ರ ಬೇಸಿಗೆ. ವಿಮಾನದ ಇಂಜಿನ್ ತಯಾರಿಸುವ ಕಾರ್ಖಾನೆಯ ಕೆಲಸಕ್ಕೆಂದು ಕೋಕಿಲಾ ಬೆಂಗಳೂರಿನಿಂದ ಒಬ್ಬಳೇ ಬಂದಿದ್ದಳು. ಗೆಳತಿಯರೆಲ್ಲ ಸ್ಟಾಕ್‌ಹೋಮಿನ ಪಕ್ಕದ ಸುಂಡ್‌ಬೀಬರ್ಯ್‌ನಲ್ಲಿ. ಇವಳಿಗೆ ಮಾತ್ರ ಸಂಜೆಯಾದರೆ ಬೀದಿಯೇ ಮಲಗಿಬಿಡುವ ಈ ಟ್ರೋಲ್‌ಹೆಟ್ಟನ್.

ಅವನು ಗದಗಿನ ಸುದರ್ಶನ್, ಇಲ್ಲಿನ ಯೂನಿವರ್ಸಿಟಿಯಲ್ಲಿ ಸಂಶೋಧಕ. ಬೆಂಗಳೂರಿನವರ ನಡುವೆ ಅದುಮಿಟ್ಟುಕೊಳ್ಳುತ್ತಿದ್ದ ಅವನ ಗದಗಿನ ಮಾತು ಅವಳೆದುರು ಮಾತ್ರ ಸಲೀಸಾಗಿ ಹೊರಬರುತ್ತಿತ್ತು.

ಭಾನುವಾರಗಳಲ್ಲಿ ಇಬ್ಬರೂ ಕಾಲುವೆಯ ದಂಡೆಯಲ್ಲಿ ನಡೆದರು. ಮಂಜಿನೊಳಗಿಂದ ಹಡಗೊಂದು ಸದ್ದಿಲ್ಲದೆ ತೇಲಿ ಬಂದು, ಮತ್ತೆ ಮಂಜಿನೊಳಗೇ ಕರಗಿಹೋಗುತ್ತಿತ್ತು. ಏಲಕ್ಕಿ ಬನ್ನು, ಕಾಫಿ, ಮುಗಿಯದ ಮಾತು... ಇದು ಕನಸೇ ಇರಬೇಕು ಅಂದುಕೊಳ್ಳುತ್ತಿದ್ದಳು ಕೋಕಿಲಾ.

ಚಳಿಗಾಲ ಬಂತು. ಮಧ್ಯಾಹ್ನವೇ ಕತ್ತಲು. ಒಂದು ದಿನ ತಡೆಯಲಾಗದೆ ಅವನೆದುರು ಅತ್ತುಬಿಟ್ಟಳು.

"ಸೂರ್ಯನ್ನೇ ನೋಡಿಲ್ಲ ಅನ್ಸುತ್ತೆ... ಈ ಊರು ನಂಗಾಗಲ್ಲ, ಸುದರ್ಶನ್."

ಅವನು ತನ್ನ ಮಫ್ಲರನ್ನು ಅವಳ ಕೊರಳಿಗೆ ಸುತ್ತಿದ.

ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನ ಕಂಪನಿಯೊಂದು ಅವಳನ್ನು ಕರೆಯಿತು. ಅವನಿಗೆ ಸುದ್ದಿ ಹೇಳಿ, ಉಸಿರು ಹಿಡಿದು ಕಾದಳು. 'ಹೋಗಬೇಡ' ಅನ್ನಲಿ... ಒಂದೇ ಒಂದು ಸಲ.

"ಒಳ್ಳೇದಾಯ್ತು," ಅಂದ ಅವನು, ಕಿಟಕಿಯಾಚೆ ನೋಡುತ್ತ. "ಹೋಗಿ. ಅಲ್ಲಿ ನಮ್ಮ ಜನ ತುಂಬಾ ಇದ್ದಾರೆ."

ಅಚ್ಚ ಬೆಂಗಳೂರಿನ ಕನ್ನಡ. ಯಾರೋ ಅಪರಿಚಿತರೊಡನೆ ಆಡುವ ಮಾತಿನಂತೆ.

ಅಷ್ಟೇನಾ? ನಾನು ಇವನಿಗೆ ಅಷ್ಟೇನಾ?

ಆ ವಾರ ಸುಂಡ್‌ಬೀಬರ್ಯ್‌ಗೆ ಮನೆ ನೋಡಲು ಹೋದಳು. ಗೆಳತಿ ನಿಖಿತಾಳ ಫ್ಲ್ಯಾಟ್ ತುಂಬ ಜನ, ನಗು, ಬಿಸಿಬೇಳೆಬಾತಿನ ಘಮ. ಅದರ ನಡುವೆ ಕೋಕಿಲಾಳ ಮನಸ್ಸು ಮಾತ್ರ ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಬೀಳುವ ಬೆಳಗಿನ ಬಿಸಿಲನ್ನೂ, ತಾನೇ ವಿನ್ಯಾಸ ಮಾಡಿದ, ಇನ್ನೂ ಪರೀಕ್ಷೆಯಾಗದ ಇಂಜಿನ್ ಭಾಗವನ್ನೂ ನೆನೆಯುತ್ತಿತ್ತು.

"ಯಾವಾಗ ಶಿಫ್ಟ್ ಆಗ್ತೀಯೇ?" ಕೇಳಿದಳು ನಿಖಿತಾ.

"ಆಗಲ್ಲ ಕಣೇ." ತನ್ನ ಉತ್ತರಕ್ಕೆ ತಾನೇ ಬೆರಗಾದಳು.

"ಅವನಿಗೋಸ್ಕರನಾ?"

"ಅವನಿಗೆ ನಾನು ಬೇಡ, ನಿಖಿ. ಆದ್ರೂ ನಂಗೆ ಆ ಊರು ಬೇಕು."

 ಸೋಮವಾರ ಸ್ಟಾಕ್‌ಹೋಮಿನವರಿಗೆ ಫೋನ್ ಮಾಡಿ ಬರುವುದಿಲ್ಲವೆಂದಳು.

ಶನಿವಾರ ಬೆಳಿಗ್ಗೆ ಬಾಗಿಲ ಗಂಟೆ ಸದ್ದು ಮಾಡಿತು. ಹೊರಗೆ ಸುದರ್ಶನ್. ತೋಳಿನ ತುಂಬ ಖಾಲಿ ರಟ್ಟಿನ ಡಬ್ಬಿಗಳು. ನಿದ್ದೆಯಿಲ್ಲದ ಕಣ್ಣು.

"ಪ್ಯಾಕಿಂಗಿಗೆ... ಹೆಲ್ಪ್ ಮಾಡೋಣ ಅಂತ ಬಂದೆ."

"ನಾನು ಹೋಗ್ತಿಲ್ಲ."

ಡಬ್ಬಿಗಳು ಒಂದೊಂದಾಗಿ ಜಾರಿ ಮೆಟ್ಟಿಲ ಮೇಲೆ ಉರುಳಿದವು. ಅವನು ಹಿಡಿಯಲೂ ಇಲ್ಲ.

"ನಿಮಗೋಸ್ಕರ ಅಲ್ಲ," ಅಂದಳು, ದನಿ ನಡುಗದಂತೆ. "ನಂಗೆ ಕೆಲಸ ಇಷ್ಟ, ಊರು ಇಷ್ಟ. ನೀವು ಹೋಗಿ ಅಂದ್ರೂ ನಾನು ಇಲ್ಲೇ."

"ಇರ್ರಿ ಅನ್ನೂದು ಬಾಯಿ ತನಕಾ ಬಂದಿತ್ತು, ಕೋಕಿಲಾ." ಅವನ ಕಣ್ಣು ತುಂಬಿತ್ತು. "ಅವತ್ತು ನೀವು ಅತ್ತದ್ದು ನೋಡೀನಿ. ನನ್ನ ಸಲುವಾಗಿ ಇನ್ನೊಂದು ಚಳಿಗಾಲ ಅಳೂದು ಬ್ಯಾಡ ಅನಿಸ್ತು. ಆದ್ರ ನೀವು ಹೊಂಟ್ರಿ ಅಂದಾಗಿಂದ... ನನಗ ಈ ಊರಾಗ ಉಸಿರು ಆಡವಲ್ದು."

"ಅತ್ತವರನ್ನೆಲ್ಲ ಊರು ಬಿಡಿಸ್ತಾರಾ? ಪಕ್ಕದಲ್ಲಿ ಕೂತ್ಕೊಂಡ್ರೆ ಸಾಕಾಗಿತ್ತು."

"ಇನ್ನ ಕುಂದರತೀನಿ. ಜೀವ ಇರೂತನಕಾ."

ಅವಳು ಅವನ ಎದೆಗೆ ಹಣೆಯಿಟ್ಟಳು. ಹೊರಗೆ ಹಿಮ ಮೆಲ್ಲಗೆ ಇಳಿಯುತ್ತಿತ್ತು.

ಮೆಟ್ಟಿಲ ಕಡೆ ನೋಡಿ ಅವನು ಕೇಳಿದ, "ಈ ಡಬ್ಬಿ ಏನು ಮಾಡೂದ್ರಿ?"

"ಇಟ್ಕೊಂಡಿರಿ," ಅಂದಳು, ಮುಖ ಎತ್ತದೆಯೇ. "ಮದುವೆ ಆದ್ಮೇಲೆ ನಿಮ್ಮ ಸಾಮಾನು ಇಲ್ಲಿಗೆ ತರಬೇಕಲ್ಲ."