ಮೂವತ್ತಾರು ಚಿಪ್ಪು

೧೯೮೮ರ ಆಗಸ್ಟ್ ಹನ್ನೊಂದನೇ ತಾರೀಖು, ಗುರುವಾರ. ಬೆಳಿಗ್ಗೆ ಹತ್ತೂವರೆಗೆ ವೆಂಕೋಬ ಗಂಗಾವತಿಯ ಪೊಲೀಸ್ ಠಾಣೆಗೆ ಏದುಸಿರು ಬಿಡುತ್ತ ಬಂದ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವನು ಅವನು. ಕ್ಲಾಸಿಗೆ ಇದ್ದದ್ದು ಒಂದೇ ಯಂತ್ರ. ಮುಂಬಯಿಯಿಂದ ಒಂದೊಂದೇ ಭಾಗ ತಂದು ವಿದ್ಯಾರ್ಥಿಗಳ ಕಣ್ಣೆದುರೇ ಜೋಡಿಸಿದ್ದ. ನೋಡಲು ಬಂದವರು ಚಪ್ಪಲಿ ಹೊರಗೆ ಬಿಡಬೇಕು, ಕೆಮ್ಮಬಾರದು, ಮುಟ್ಟಬಾರದು. ಊರಿನ ದೇವರಿಗೂ ಇಲ್ಲದ ಮಡಿ ಅದಕ್ಕೆ.

“ಚಿಪ್ ಕಳುವಾಗ್ಯಾವ್ರಿ ಸಾಹೇಬ್ರ. ಮೆಮೊರಿ ಚಿಪ್. ಮೂವತ್ತಾರೂ ಹೋಗ್ಯಾವ.”

ದೂರು ಬರೆದುಕೊಂಡವನು ಹೆಡ್ ಕಾನ್‌ಸ್ಟೇಬಲ್ ಉಮರಸಾಬ. ಎಮ್ಮೆ, ಸೈಕಲ್ಲು, ಪಂಪ್‌ಸೆಟ್ಟು, ಭತ್ತದ ಚೀಲ, ಒಮ್ಮೆ ಬಾಜಾಬಜಂತ್ರಿಯವರ ಡೊಳ್ಳು, ಹೀಗೆ ತನ್ನ ಸರ್ವೀಸಿನಲ್ಲಿ ಎಲ್ಲ ಬಗೆಯ ಕಳವನ್ನೂ ಅವನು ಬರೆದಿದ್ದ. ಇದು ಹೊಸದು.

“ಮೆಮೊರಿ ಅಂದ್ರೇನ್ರಿ?”

“ನೆನಪು.”

ಉಮರಸಾಬ ಮತ್ತೇನೂ ಕೇಳದೆ ಎಫ್‌ಐಆರ್‌ನಲ್ಲಿ ದುಂಡಗೆ ಬರೆದ: ‘ಫಿರ್ಯಾದುದಾರರಿಗೆ ಸೇರಿದ ನೆನಪಿನ ಚಿಪ್ಪುಗಳು, ಮೂವತ್ತಾರು. ಕಲಂ ೩೮೦.’

ಸಬ್‌ಇನ್‌ಸ್ಪೆಕ್ಟರ್ ಗಾದಿಲಿಂಗಪ್ಪ ಅದನ್ನು ಓದಿ ಹುಬ್ಬೇರಿಸಿದ. “ಇದೇನೋ ಉಮರಸಾಬ, ತೆಂಗಿನ ಚಿಪ್ಪೇನು?”

“ನಾ ಕಂಡಿಲ್ರಿ. ಅವರು ಹೇಳಿದಂಗ ಬರದೀನಿ.”

ಸಹಿ, ಶಿಕ್ಕಾ ಆಗಿಹೋಗಿತ್ತು. ಚಿಪ್ಪು ಚಿಪ್ಪಾಗಿಯೇ ಉಳಿಯಿತು.

ಗಾದಿಲಿಂಗಪ್ಪ ವೆಂಕೋಬನನ್ನು ಎದುರಿಗೆ ಕೂರಿಸಿಕೊಂಡ.

“ಯಾವಾಗ ಹೋದವು?”

“ನಿನ್ನಿ ಮಧ್ಯಾಹ್ನ ಕರೆಂಟ್ ಹೋತು. ಎಲ್ಲಾರೂ ಚಾ ಕುಡಿಯಾಕ ಕೆಳಗಿಳದ್ರು, ನಾನೂ ಇಳದೆ. ಕರೆಂಟ್ ಬಂದ ಮ್ಯಾಲೆ ಚಾಲೂ ಮಾಡಿದ್ರ ಬರೇ ಕುಂಯ್‌ಗುಡತೈತಿ, ಪರದೆ ಮ್ಯಾಲೆ ಏನೂ ಮೂಡವಲ್ದು. ಬಿಚ್ಚಿ ನೋಡಿದ್ರ ಒಳಗ ಖಾಲಿ.”

“ಬೆಲೆ ಭಾಳ ಏನು?”

“ಏನ್ ಕೇಳ್ತೀರಿ! ಹೋದ ವರ್ಷದ್ದಕ್ಕ ಮೂರು ಪಟ್ಟು ಆಗೈತಿ. ವಾರಕ್ಕೊಂದು ರೇಟು. ರೊಕ್ಕ ಹಿಡಕೊಂಡು ನಿಂತ್ರೂ ಮುಂಬಯಿಯವರು ಮಾಲಿಲ್ಲ ಅಂತಾರ. ಬಂಗಾರನಾದ್ರೂ ಸಿಕ್ಕೀತು, ಇದು ಸಿಗಂಗಿಲ್ಲ.”

“ಹಂಗಾದ್ರ ಈಗ ಮಾರಿದಾವ ಶಾಣ್ಯಾ.”

“ನಾ ಮಾರಾಕ ತಂದಿಲ್ರಿ, ಕಲಸಾಕ ತಂದೀನಿ!” ಎಂದ ವೆಂಕೋಬ, ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ.

ಮಾರುತ್ತೀಯಾ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಗಾದಿಲಿಂಗಪ್ಪ ದಿನಾ ನೋಡುತ್ತಿದ್ದ.

ಹನ್ನೆರಡು ಗಂಟೆಗೆ ಪಂಚರನ್ನು ಕರೆದುಕೊಂಡು ಸ್ಥಳ ಪಂಚನಾಮೆ ಮಾಡಿದರು. ಬೀಗ ಮುರಿದಿರಲಿಲ್ಲ. ತಾನು ಬಿಚ್ಚುವ ಮುನ್ನ ಯಂತ್ರದ ಮುಚ್ಚಳದ ಸ್ಕ್ರೂಗಳೆಲ್ಲ ಅದರದರ ಜಾಗದಲ್ಲೇ ಬಿಗಿಯಾಗಿದ್ದವು ಎಂದ ವೆಂಕೋಬ. ಚಿಪ್ಪು ಕೂರುವ ಮನೆಗಳಲ್ಲಿ ಒಂದಕ್ಕೂ ಗೀರಿರಲಿಲ್ಲ.

“ಕಳ್ಳ ಭಾಳ ಸಂಭಾವಿತ ಅದಾನ,” ಎಂದ ಉಮರಸಾಬ.

“ಹೊರಗಿನಾವ ಅಲ್ಲ. ಕ್ಲಾಸಿನವರ ಪೈಕಿ,” ಎಂದ ಗಾದಿಲಿಂಗಪ್ಪ. “ಇಂಥಾ ಮಾಲು ಈ ಕಡೆ ಯಾರು ಕೊಳ್ಳತಾರ?”

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ರೇಡಿಯೋ ರಿಪೇರಿ ಮಾಡುವ ಆದೆಪ್ಪನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ ಎಂದ ವೆಂಕೋಬ. ಶುಕ್ರವಾರ ಬೆಳಿಗ್ಗೆ ಜೀಪು ಕೊಪ್ಪಳದ ಹಾದಿ ಹಿಡಿಯಿತು.

ಆದೆಪ್ಪ ಬಿಚ್ಚಿಟ್ಟ ಟ್ರಾನ್ಸಿಸ್ಟರಿನಿಂದ ತಲೆ ಎತ್ತದೆಯೇ ಮಾತಾಡಿದ. “ಮಾರಾಕ ಯಾರೂ ಬಂದಿಲ್ರಿ. ಮಂಗಳವಾರ ಒಬ್ಬ ಹುಡುಗಿ ಬಂದಿದ್ಲು. ರೇಟು ಕೇಳಲಿಲ್ಲ. ಅಂಥಾ ಚಿಪ್ ಬಿಚ್ಚಿದ್ರ ಕೆಡದಂಗ ಹೆಂಗ ಇಡಬೇಕು ಅಂತ ಕೇಳಿದ್ಲು.”

“ನೀ ಏನಂದಿ?”

“ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದದಾಗ ಸುತ್ತಿಡವಾ ಅಂದೆ. ಗಂಗಾವತಿಗೆ ಹೋಗಿ ಸಿದ್ದಾಪುರದ ಬಸ್ ಹಿಡೀಬೇಕು ಅಂತ ಅವಸರ ಮಾಡಿ ಹೋದ್ಲು.”

ಹೊರಗೆ ಬಂದ ಮೇಲೆ ಗಾದಿಲಿಂಗಪ್ಪ ಬೀಡಿ ಹಚ್ಚಿದ. ರೇಟು ಕೇಳದ ಕಳ್ಳರನ್ನು ಅವನು ಈವರೆಗೆ ಕಂಡಿರಲಿಲ್ಲ. ವೆಂಕೋಬನ ಕ್ಲಾಸಿಗೆ ಸಿದ್ದಾಪುರದಿಂದ ಬರುವವಳು ಒಬ್ಬಳೇ, ಭೀಮಕ್ಕ.

ಮಧ್ಯಾಹ್ನ ಎರಡಕ್ಕೆ, ಮಹಿಳಾ ಪೇದೆ ಹಜರತಬೀಯನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಸಿದ್ದಾಪುರ ತಲುಪಿದರು. ಭೀಮಕ್ಕ ಇರಲಿಲ್ಲ, ಎಂದಿನಂತೆ ಕ್ಲಾಸಿಗೆ ಹೋಗಿದ್ದಳು. ಅವಳ ತಾಯಿ ಸಣ್ಣವ್ವ ಆಗಷ್ಟೇ ನಾಟಿಯ ಗದ್ದೆಯಿಂದ ಬಂದಿದ್ದಳು, ಮೊಣಕಾಲವರೆಗೂ ಕೆಸರು. ಉಮರಸಾಬ ಎಫ್‌ಐಆರ್ ಬಿಚ್ಚಿ ಗಟ್ಟಿಯಾಗಿ ಓದಿ, “ಚಿಪ್ಪು ಹುಡುಕಾಕ ಬಂದೀವಿ, ಯವ್ವಾ,” ಎಂದ.

ಸಣ್ಣವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. “ಚಿಪ್ಪಿಗೆ ಜೀಪ್ ತಗೊಂಡು ಬರಬೇಕೇನ್ರೀ ಯಪ್ಪಾ? ಒಲಿ ಮುಂದ ಪುಟ್ಟಿ ತುಂಬ ಅದಾವ, ಬೇಕಾದಷ್ಟು ಒಯ್ಯಿರಿ. ಗ್ವಾಡಿ ಗೂಡಿನ್ಯಾಗ ಇರೂ ಎರಡು ಮಾತ್ರ ಮುಟ್ಟಬ್ಯಾಡ್ರಿ. ನಮ್ಮ ಭೀಮಿ ಬೈತಾಳ.”

ಯಾರೂ ನಗಲಿಲ್ಲ. ಗೂಡಿನಲ್ಲಿ ತೆಂಗಿನ ಎರಡು ಹೋಳು ಚಿಪ್ಪುಗಳನ್ನು ಬಾಯಿಗೆ ಬಾಯಿ ಕೂಡಿಸಿ ಹೂವಿನ ದಾರದಿಂದ ಕಟ್ಟಿಟ್ಟಿತ್ತು. ಹಜರತಬೀ ದಾರ ಬಿಚ್ಚಿದಳು. ಒಳಗೆ ಬೆಳ್ಳಿ ಕಾಗದದ ಮಡಿಕೆಗಳು. ಮಡಿಕೆಯೊಳಗೆ, ಕಾಲು ಚಾಚಿ ಮಲಗಿದ ಕರಿ ಜರಿಹುಳದಂಥ ವಸ್ತುಗಳು. ಉಮರಸಾಬ ಎಣಿಸಿದ. ಮೂವತ್ತಾರೂ ಇದ್ದವು.

“ನಾ ಬರದಿದ್ದು ಖರೇ ಆತು ನೋಡ್ರಿ,” ಎಂದು ಪಿಸುಗುಟ್ಟಿದ.

ಸಣ್ಣವ್ವನಿಗೆ ಆಗ ತಿಳಿಯಿತು. ಕೆಸರುಗೈಯಲ್ಲೇ ಬಾಯಿ ಮುಚ್ಚಿಕೊಂಡಳು. ತಾನು ನಾಟಿ ಹಚ್ಚಿದ ಕೂಲಿಯಲ್ಲಿ ಫೀ ಕಟ್ಟಿಸಿದ್ದಳು. ಈಗ ತಾನೇ ಮಗಳನ್ನು ಹಿಡಿದುಕೊಟ್ಟಿದ್ದಳು. ಆದರೂ ಗಾದಿಲಿಂಗಪ್ಪ ಜಪ್ತಿ ಪಂಚನಾಮೆಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ. ಕೆಲಸ ಕೆಲಸವೇ.

ನಾಲ್ಕು ಗಂಟೆಗೆ ಕ್ಲಾಸಿನ ಮೆಟ್ಟಿಲು ಹತ್ತಿದಾಗ ಭೀಮಕ್ಕ ಸತ್ತ ಯಂತ್ರದ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಇಪ್ಪತ್ತರ ಹುಡುಗಿ. ಪೊಲೀಸರನ್ನು ಕಂಡು ಎದ್ದು ನಿಂತಳೇ ಹೊರತು ತಲೆ ತಗ್ಗಿಸಲಿಲ್ಲ.

“ಚಿಪ್ಪು ತಗೊಂಡಾಕಿ ನೀನೇನವಾ?”

“ಹೌದ್ರಿ.”

“ಯಾವಾಗ?”

“ಬುಧವಾರ, ಕರೆಂಟ್ ಹೋದಾಗ. ತಲಿ ಪಿನ್ನಿಂದ ಎಬ್ಬಿಸಿದೆ.”

“ಕದ್ದಿದ್ದು ಒಪ್ಪಿಕೊಂತಿ?”

“ಕದ್ದಿಲ್ರಿ. ಕಟ್ಟಿ ಹಾಕೀನಿ.”

“ಏನ್ ಹಂಗಂದ್ರ?”

“ಮಂದಿ ಎತ್ತು ನಮ್ಮ ಹೊಲ ಮೇದ್ರ ಹಿಡದು ಕಟ್ಟಿ ಹಾಕತೀವಿ. ಎತ್ತಿನ ಮಾಲಕ ಬಂದು ನುಕಸಾನಿ ತುಂಬಿಕೊಟ್ಟು ಬಿಡಿಸ್ಕೊಂಡು ಹೋಗತಾನ. ಅದಕ್ಕ ಯಾರರ ಕಳುವು ಅಂತಾರೇನ್ರಿ?”

“ಕೇಳಿದ್ರೇನ್ರಿ ಇವಳ ಸೊಕ್ಕು!” ವೆಂಕೋಬ ಕೂಗಿದ.

ಭೀಮಕ್ಕ ಅವನ ಕಡೆ ತಿರುಗಿದಳು. “ಸೋಮವಾರ ಹೊಸಪೇಟಿಯಿಂದ ಬಂದಾವ ಯಾರ್ರೀ ಸರ್? ಬ್ಯಾಟರಿ ಬೆಳಕು ಬಿಟ್ಟು ಒಳಗೆಲ್ಲಾ ನೋಡಿದ್ನಲ್ಲ. ಐತವಾರ ಬಿಚ್ಚಿಕೊಂಡು ಒಯ್ಯತೀನಿ, ಈ ರೇಟು ಮತ್ತ ಬರಂಗಿಲ್ಲ ಅಂದ. ನೀವು ಹೂಂ ಅಂದ್ರಿ. ನಾ ಅಲ್ಲೇ ಕಸ ಹೊಡೀತಿದ್ದೆ, ನಿಮ್ಮ ಕಣ್ಣಿಗೆ ಬೀಳಲಿಲ್ಲ. ವರ್ಷದ ಫೀ ಮೊದಲೇ ಇಸ್ಕೊಂಡು ನಮ್ಮ ಕೈಯಾಗ ಚಿಪ್ಪು ಕೊಡಾಕ ಹೊಂಟಿದ್ರಿ. ಅದಕ್ಕ ನಾನೇ ಮೊದಲು ನಿಮ್ಮ ಕೈಯಾಗ ಕೊಟ್ಟೆ.”

ಹಜರತಬೀ ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು.

“ಖರೇ ಏನ್ರಿ?” ಗಾದಿಲಿಂಗಪ್ಪ ಕೇಳಿದ.

“ಬೆಲೆ ಇಳಿದ ಮ್ಯಾಲೆ ಮತ್ತ ತಂದು ಹಾಕತಿದ್ದೆ, ಸಾಹೇಬ್ರ.”

“ಯಾವಾಗ ಇಳೀತೈತಿ?”

ವೆಂಕೋಬ ಮತ್ತೆ ಕರವಸ್ತ್ರ ತೆಗೆದ.

“ಇರ್ಲಿ. ಸಿಕ್ಕ ಮಾಲು ನಿಮ್ಮದೇ ಅಂತ ಗುರ್ತು ಹಿಡೀಬೇಕಲ್ಲ. ಪಂಚರ ಎದುರಿಗೆ ಹಾಕಿ ತೋರಸ್ರಿ.”

ವೆಂಕೋಬ ಒಂದೊಂದಾಗಿ ಕೂರಿಸಿ ಗುಂಡಿ ಒತ್ತಿದ. ಕಪ್ಪು ಪರದೆಯ ಮೂಲೆಯಲ್ಲಿ ಹಸಿರು ಅಂಕಿ ಮೂಡಿ ಏರತೊಡಗಿತು. ಉಮರಸಾಬ ಬಾಯಿ ತೆರೆದು ನೋಡುತ್ತ ನಿಂತ. ಭೀಮಕ್ಕನ ತುಟಿಗಳು ಅಂಕಿಯ ಜೊತೆಗೇ ಅಲುಗುತ್ತಿದ್ದವು. ಇದ್ದ ನೆನಪನ್ನೆಲ್ಲ ಎಣಿಸಿ ಆರು ನೂರಾ ನಲವತ್ತಕ್ಕೆ ಬಂದು ನಿಂತಿತು.

“ನೋಡ್ರಿ,” ಎಂದಳು. “ಒಂದೂ ಕೆಡಿಸಿಲ್ಲ.”

ಅವಳ ಕಣ್ಣಲ್ಲಿ ನೀರಿತ್ತು, ಆದರೆ ಗಲ್ಲ ಮೇಲೆತ್ತಿಯೇ ಇತ್ತು. ಸಂಜೆ ಐದೂಕಾಲಿಗೆ, ಸೂರ್ಯ ಮುಳುಗುವ ಮೊದಲೇ, ಹಜರತಬೀಯ ಸಮಕ್ಷಮ ಅವಳನ್ನು ದಸ್ತಗಿರಿ ಮಾಡಲಾಯಿತು.

ವೆಂಕೋಬ ಯಂತ್ರದ ಮೇಲೆ ಕೈಯಿಟ್ಟು ನಿಂತಿದ್ದ. “ಇನ್ನ ಇದು ನನ್ನದಲ್ರಿ? ಐತವಾರ ಆ ಮನಷ್ಯಾ ಬರತಾನ.”

“ನಿಮ್ಮದೇ. ಆದ್ರ ಈಗ ಇದು ಮುದ್ದೆಮಾಲು, ಖಟ್ಲೆಯ ಸಾಕ್ಷಿ. ಕೋರ್ಟು ನಿಮ್ಮ ತಾಬೇಕ್ಕ ಕೊಡತೈತಿ, ಮುಚ್ಚಳಿಕಿ ಬರಸ್ಕೊಂಡು. ಖಟ್ಲೆ ಮುಗಿಯೂತನಕ ಒಂದು ಚಿಪ್ಪೂ ಕೀಳಂಗಿಲ್ಲ, ಮಾರಂಗಿಲ್ಲ, ಕರದಾಗ ಹಾಜರ ಮಾಡಬೇಕು.”

“ಅಲ್ಲೀತನಕ ನಾ ಏನ್ ಮಾಡ್ಲಿ?”

“ಕಲಸ್ರಿ. ಕಲಸಾಕ ತಂದೀನಿ ಅಂತ ನೀವೇ ಹೇಳೀರಿ. ಫೀ ಕಟ್ಟಿದವರಿಗೆ, ಜಾಮೀನು ಸಿಕ್ಕ ಮ್ಯಾಲೆ ಈಕಿ ಸಮೇತ, ಕಲಸದಿದ್ರ ಅದಕ್ಕೂ ಒಂದು ಕಲಂ ಐತಿ. ಫಿರ್ಯಾದಿ ಬರಕೊಳ್ಳಾಕ ನಮ್ಮ ಉಮರಸಾಬ ತಯಾರ ಅದಾನ.”

ಜೀಪಿನಲ್ಲಿ ಉಮರಸಾಬ ಮೊಣಕಾಲ ಮೇಲೆ ಕಾಗದ ಹಿಡಿದುಕೊಂಡ. “ಕೃತ್ಯದ ಕಾರಣ ಏನಂತ ಬರೀಲ್ರಿ? ಲಾಭದ ಆಸಿ ಅಂತ?”

ಗಾದಿಲಿಂಗಪ್ಪ ತಿರುಗಿ ಹಿಂದಿನ ಸೀಟು ನೋಡಿದ. ಬೆಲೆ ಮೂರು ಪಟ್ಟಾದಾಗ ಒಬ್ಬನಿಗೆ ಅದರಲ್ಲಿ ರೊಕ್ಕ ಕಂಡಿತ್ತು. ಅವನ ಎದುರಿಗೇ ಕಸ ಗುಡಿಸುತ್ತಿದ್ದವಳಿಗೆ ಪಾಠ ನಿಂತುಹೋಗುವುದು ಕಂಡಿತ್ತು.

“ಕಲಿಯೋ ಹಟ ಅಂತ ಬರಿ,” ಎಂದ.

ಹಿಂದೆ ಕೂತಿದ್ದ ಭೀಮಕ್ಕ ಮುಂದಕ್ಕೆ ಬಾಗಿದಳು. “ಸಾಹೇಬ್ರ, ಇಂಥಾ ಖಟ್ಲೆ ಎಷ್ಟು ವರ್ಷ ನಡೀತಾವ?”

“ಏನಿಲ್ಲಂದ್ರೂ ಎರಡು ವರ್ಷ.”

“ಛಲೋ ಆತ್ರಿ,” ಎಂದಳು ಭೀಮಕ್ಕ, ಸೀಟಿಗೆ ಒರಗಿ. “ನಮ್ಮ ಕೋರ್ಸು ಇನ್ನ ನಾಕು ತಿಂಗಳದ್ದೈತಿ.”