ಹಣೆಬರಹಕ್ಕೊಂದು ಬಟನ್

"ಬಾನು, ನಿಮ್ಮ ಹಣೆಬರಹ ಸರಿಯಿಲ್ಲ. ತುಂಬಾ ಉದ್ದ. ಮುಚ್ಚಿಡೋಕೆ ಒಂದು ಬಟನ್ ಬೇಕು."

ಸೋಮವಾರ ಬೆಳಿಗ್ಗೆ ಆಫೀಸಿನ ಕಂಪ್ಯೂಟರಿನಲ್ಲಿ ಈ ಮೆಸೇಜು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಕಳಿಸಿದವನು ಎದುರು ಮೇಜಿನ ಕುಮಾರೇಶ್. ನನ್ನ ಹೆಸರಿನ 'ಭಾ' ಅವನ ಕೈಯಲ್ಲಿ ಯಾವಾಗಲೂ 'ಬಾ' ಆಗುತ್ತದೆ, ಅದಕ್ಕೆ ಬೇಜಾರಿಲ್ಲ. ಆದರೆ ನನ್ನ ಹಣೆಬರಹದ ಉಸಾಬರಿ ಇವನಿಗ್ಯಾಕೆ? ಅದೂ ಮೂರು ತಿಂಗಳಿಂದ ನಾನು ಕದ್ದು ಕದ್ದು ನೋಡುತ್ತಿದ್ದ ಮನುಷ್ಯ!

ನಮ್ಮದು ತಮಿಳುನಾಡಿನ ಹೊಸೂರು ಬಸ್ ಸ್ಟ್ಯಾಂಡಿನ ಹಿಂದಿರುವ ಸಣ್ಣ ಆಫೀಸು. ಮೊಬೈಲಿನಲ್ಲಿ ಬೈಬಲ್ ಓದುವ ಆಪ್ ಮಾಡುತ್ತೇವೆ. ಬೇರಿಕೆಯಿಂದ ಬಸ್ಸಿನಲ್ಲಿ ಬರುವ ನನಗೆ, ಪ್ರತಿ ಭಾಗದ ಮೇಲೂ ದಪ್ಪಕ್ಷರದ ತಲೆಬರಹ ಬರೆಯುವ ಕೆಲಸ. ಜೂಜುವಾಡಿಯ ಕುಮಾರೇಶನ ಮನೆಮಾತು ಕನ್ನಡವೇ, ಓದಿದ್ದು ಮಾತ್ರ ತಮಿಳು ಮೀಡಿಯಂ. ಅಕ್ಷರ ಕೂಡಿಸಿ ಓದುವವರಿಗೂ ಆಪ್ ಸುಲಭವಾಗಬೇಕೆಂದು ಅವನನ್ನು ಟೆಸ್ಟಿಂಗಿಗೆ ತೆಗೆದುಕೊಂಡಿದ್ದರು.

ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದುತ್ತಾನೆ. ಒತ್ತಕ್ಷರ ಬಂದರೆ ಹುಬ್ಬು ಮೇಲೇರುತ್ತದೆ. ಸರಿಯಾಗಿ ಓದಿಬಿಟ್ಟರೆ, ಯಾರಾದರೂ ನೋಡಿದರೇನೋ ಎಂದು ಕಣ್ಣೆತ್ತುತ್ತಾನೆ. ನೋಡಿದ್ದು ಯಾವಾಗಲೂ ನಾನೇ.

ಈ ಶುಕ್ರವಾರಕ್ಕೆ ಅವನ ಇಲ್ಲಿನ ಕೆಲಸ ಮುಗಿಯುತ್ತದೆ. ಆಮೇಲೆ ಫ್ಯಾಕ್ಟರಿ ಶಿಫ್ಟು. ಅಷ್ಟರೊಳಗೆ ಒಂದು ಮಾತು ಆಡುತ್ತಾನೇನೋ ಎಂದು ಕಾಯುತ್ತಿದ್ದರೆ, ಆಡಿದ ಮಾತು ಇದು!

ಎದ್ದು ಹೋಗಿ ಅವನ ಮೇಜಿನ ಮುಂದೆ ನಿಂತೆ. "ಏನ್ರೀ, ನನ್ನ ಹಣೆಬರಹ ನೋಡಕ್ಕೆ ನೀವೇನು ಶಾಸ್ತ್ರ ಹೇಳೋರಾ?"

ಅವನು ಬೆಪ್ಪಾದ. "ಮೇಲೆ ದಪ್ಪಕ್ಷರದಾಗೆ ಬತ್ತದಲ್ಲ, ಅದು ಕಣ್ರೀ!"

"ಅದು ತಲೆಬರಹ!"

"ತಮಿಳಾಗೆ ತಲೈಯೆಳುತ್ತು ಅಂದ್ರೆ ಹಣೆಬರಹಾನೇ ಅಲ್ವಾ? ಎರಡೂ ಒಂದೇ ಅಂದ್ಕಂಡೆ."

ನನಗೆ ನಗು ತಡೆಯಲಾಗಲಿಲ್ಲ. ಅವನ ಕಿವಿ ಕೆಂಪಾಯಿತು. ಆದರೂ ಕೋಪ ಪೂರ್ತಿ ಇಳಿದಿರಲಿಲ್ಲ.

"ಸರಿ, ನನ್ನ ತಲೆಬರಹ ಏನು ಮಾಡ್ತು? ಮುಚ್ಚಿಡಬೇಕು ಅಂತೀರಲ್ಲ."

ಅವನು ಮೊಬೈಲ್ ನನ್ನ ಕಡೆ ತಿರುಗಿಸಿದ. ಹೊಲದಲ್ಲಿ ಹಕ್ಕಲು ಆಯಲು ಹೋದ ಬಡ ಹೆಣ್ಣಿನ ಕಥೆ ಅದು. "ಕೊಯ್ಲು ಮುಗಿದ ಮೇಲೆ ಬಿದ್ದಿರೋ ತೆನೆ ಆಯ್ಕತಾಳೆ. ನಮ್ಮಮ್ಮಾನೂ ರಾಗಿ ಹೊಲದಾಗೆ ಹಿಂಗೇ ಆಯ್ತಿದ್ಲು. ಹೊಲದ ಯಜಮಾನ ಅವಳನ್ನ ನೋಡ್ತಾನೆ. ಏನು ಮಾಡ್ತಾನೋ ಅಂತ ನನ್ನ ಎದೆ ಡವಡವ ಅಂತದೆ. ನೀವು ನೋಡಿದ್ರೆ ಮೇಲೇನೇ 'ಹಕ್ಕಲು ಆಯಲು ಬಂದವಳನ್ನು ಹೊಲದ ಯಜಮಾನ ಕಂಡದ್ದು, ಇಬ್ಬರಿಗೂ ಮದುವೆಯಾದದ್ದು' ಅಂತ ಬರೆದ್ಬುಟ್ಟಿದ್ದೀರ! ಇನ್ನು ಕೆಳಗೆ ಓದೋದ್ಯಾಕೆ?"

ಇಷ್ಟು ದಿನ ನನ್ನ ಬರಹವನ್ನು ಇಷ್ಟು ಆಸೆಯಿಂದ ಯಾರೂ ಬೈದಿರಲಿಲ್ಲ.

"ಹುಡುಕಿ ಓದೋರಿಗೆ ತಲೆಬರಹ ಬೇಕಾಗ್ತದೆ ಕಣ್ರೀ," ಎಂದೆ, ಮೆತ್ತಗೆ.

"ಅದಕ್ಕೇ ಬಟನ್ ಕೇಳಿದ್ದು. ಬೇಕಾದೋರು ತೆಗೀಲಿ, ಬ್ಯಾಡದೋರು ಮುಚ್ಚಲಿ."

ಬಟನ್ನಿಗೆ ನಮ್ಮ ಆಫೀಸಿನ ಯಜಮಾನರಾದ ಸುಬ್ರಮಣಿ ಸಾರ್ ಒಪ್ಪಿದರು. ತಲೆಬರಹಗಳನ್ನು ಚಿಕ್ಕದು ಮಾಡುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು. ನಾಲ್ಕು ದಿನ ಅಕ್ಕಪಕ್ಕ ಕುರ್ಚಿ. ಅವನು ಓದುತ್ತಾನೆ, ನಾನು ಕತ್ತರಿಸುತ್ತೇನೆ. ಆ ಕಥೆಗೆ 'ಹೊಲದಲ್ಲಿ ಹಕ್ಕಲು' ಎಂದಷ್ಟೇ ಬರೆದಾಗ, "ಈಗ ಓದಬೌದು," ಎಂದು ನನ್ನ ಕಡೆ ತಿರುಗಿ ನಕ್ಕ. ಆ ನಗು ನೋಡುತ್ತಾ ಕೂತಿದ್ದಕ್ಕೆ ನನ್ನ ಟೀ ಆರಿ ತಣ್ಣಗಾಯಿತು, ಪರವಾಗಿಲ್ಲ.

ಶುಕ್ರವಾರ ಬಂದೇಬಿಟ್ಟಿತು. ಸಂಜೆ ನಾಲ್ಕಾದರೂ ಅವನ ಬಾಯಿಂದ ಏನೂ ಬರಲಿಲ್ಲ. ಬ್ಯಾಗಿಗೆ ಟಿಫನ್ ಡಬ್ಬಿ ತುರುಕುತ್ತಿದ್ದಾನೆ! ನನಗೆ ಅಳು ಬರುವ ಹಾಗಾಯಿತು.

"ಕೊನೇ ಟೆಸ್ಟ್. ಬಟನ್ ಕೆಲಸ ಮಾಡ್ತದಾ, ನೀವೇ ನೋಡ್ಬುಡಿ," ಎಂದು ತನ್ನ ಮೊಬೈಲ್ ನನ್ನ ಮುಂದಿಟ್ಟು, ಕಿಟಕಿಯ ಕಡೆ ಮುಖ ಮಾಡಿ ನಿಂತ.

ಪುಟ ಖಾಲಿಯಾಗಿತ್ತು. ಬಟನ್ ಒತ್ತಿದೆ. ದಪ್ಪಕ್ಷರದಲ್ಲಿ ಒಂದು ತಲೆಬರಹ ಮೂಡಿತು: 'ಬಾನು ಕುಮಾರೇಶನಿಗೆ ಹೂಂ ಅಂದದ್ದು.' ಕೆಳಗೆ ಒಂದು ಅಕ್ಷರವೂ ಇಲ್ಲ.

ಅದನ್ನು ಎರಡು ಸಲ ಓದಿದೆ. ಕುಣಿದುಬಿಡುವಷ್ಟು ಸಂತೋಷ. ಆದರೂ ಬಿಡಲಿಲ್ಲ.

"ಕೊನೇಲಿ ಏನಾಯ್ತದೆ ಅಂತ ಮೇಲೇನೇ ಬರೀಬಾರ್ದು ಅಂದೋರು ಯಾರಪ್ಪಾ?"

"ನಾನೇ," ಎಂದ, ತಿರುಗದೆಯೇ. "ಇದೊಂದು ಮಾತ್ರ ಮೊದಲೇ ಗೊತ್ತಾಗ್ಬೇಕು ಕಣ್ರೀ. ಎದೆ ತಡ್ಕಳಲ್ಲ."

ತಪ್ಪು ತಿದ್ದುವುದೇ ನನ್ನ ಕೆಲಸ. ಆದರೆ ಆ 'ಬಾ' ಮಾತ್ರ ತಿದ್ದಲಿಲ್ಲ. ಖಾಲಿ ಜಾಗದಲ್ಲಿ ಟೈಪು ಮಾಡಿ ಮೊಬೈಲ್ ಅವನ ಕೈಗಿಟ್ಟೆ.

ಅವನು ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ:

"ಹೂಂ. ನನ್ನ ಹಣೆಬರಹ ಸರಿಯಾಗೇ ಇದೆ. ಮುಚ್ಚಿಡೋಕೆ ಬಟನ್ ಬೇಡ."